ಗೋಡೆ ಕಡೆ ತಿರುಗಿದ ಗಡ್ಡದಪ್ಪ

ಮೊನ್ನೆ ಚಾಮರಾಜನಗರದ ಸಂತೆಯಲ್ಲಿ ಅವರೆಕಾಯಿ ಮುರಿದು ಸೊಗಡು ಮೂಸುತ್ತಿದ್ದೆ. ಹಿಂದಿನಿಂದ ಯಾರೋ ಸೆರಗು ಜಗ್ಗಿದರು. ತಿರುಗಿದರೆ ದೊಡ್ಡತಾಯಮ್ಮನ ಸೊಸೆ.

‘ಟೀಚ್ರಮ್ಮ, ಸಿಸ್ಟರವ್ವ ಓಗ್ಬುಟ್ರಂತ ಕಣಿ. ಅವ್ರ ದೇಸದಲ್ಲೇ. ಆಸ್ಪತ್ರೆಗ ಫೋನ್ ಬಂದಿತ್ತು.’

ನನ್ನ ಕೈಯ ಅವರೆಕಾಯಿ ಕೈಯಲ್ಲೇ ಉಳಿಯಿತು. ‘ನಿಮ್ಮತ್ತೆ ಹೆಂಗವ್ರೆ?’ ಅಂದೆ.

‘ಏನೇಳಾನ! ಗಡ್ಡದಪ್ಪನ ಜೊತ ಮಾತು ಬುಟ್ಟದ. ಗ್ವಾಡ ಕಡ ತಿರುಗ್ಸಿ ನಿಲ್ಸದ. ಯಾರಾರ ಮುಟ್ಟಕೋದ್ರ ಪರಕೆ ಎತ್ಕತದ.’

ನಾನು ನಕ್ಕುಬಿಟ್ಟೆ. ಅವರೆಕಾಯಿಯವನು ತಕ್ಕಡಿ ಹಿಡಿದವನು ಹಿಡಿದಂತೆಯೇ ನನ್ನನ್ನು ನೋಡಿದ. ಸಾವಿನ ಸುದ್ದಿ ಕೇಳಿ ನಗುವ ಹೆಂಗಸು ಎಂಥವಳೆಂದು ಅವನಿಗೆ ಅನ್ನಿಸಿರಬೇಕು. ಆ ನಗು ಏಕೆ ಬಂತೆಂದು ಸಂತೆಯಲ್ಲಿ ನಿಂತು ವಿವರಿಸುವುದು ಸಾಧ್ಯವಿರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹಂಗಳದಿಂದ ಒಳಕ್ಕೆ ಹೋದರೆ, ಹೊಲ ಮುಗಿದು ಕಾಡು ಶುರುವಾಗುವ ಕಡೆ ನನ್ನ ಗಂಡನ ಊರು. ಗಂಡ ಮಹದೇವು ಬಂಡೀಪುರದ ಕಾಡಿನಲ್ಲಿ ವಾಚರ್. ನಾನು ಊರ ಅಂಗನವಾಡಿಯಲ್ಲಿ ಟೀಚರ್. ನನ್ನ ಅಂಗನವಾಡಿಯ ಎದುರಿಗೇ ಹೆಂಚಿನ ಸಣ್ಣ ಆಸ್ಪತ್ರೆ. ಅದನ್ನು ನಡೆಸುತ್ತಿದ್ದವರು ಸಿಸ್ಟರವ್ವ.

ಅವರಿಗೂ ಒಂದು ಹೆಸರಿತ್ತು. ಅದರ ನಡುವೆ ಗಂಟಲಿನಿಂದ ಕ್ಯಾಕರಿಸಿ ತೆಗೆಯಬೇಕಾದ ಒಂದು ಅಕ್ಷರ. ಊರವರು ಒಂದೆರಡು ಸಲ ಪ್ರಯತ್ನಿಸಿ, ಕೆಮ್ಮು ಬಂದು ಕೈಬಿಟ್ಟರು. ‘ಟೀಬಿ ಇರೋರು ನನ್ ಹೆಸ್ರೇಳಕೂಡ್ದು, ಕಾಯ್ಲ ಹರಡ್ತದ’ ಎಂದು ಅವರೇ ತಮಾಷೆ ಮಾಡುತ್ತಿದ್ದರು. ಹಾಲೆಂಡ್ ದೇಶದ ಯಾವುದೋ ಹಳ್ಳಿಯ ರೈತರ ಮನೆಯ ಮಗಳು. ಹಸು, ಆಲೂಗಡ್ಡೆ, ಕೆಸರು ನೋಡಿಕೊಂಡೇ ಬೆಳೆದವರು. ದಾದಿ ಕೆಲಸ ಕಲಿತು, ಸನ್ಯಾಸ ತೆಗೆದುಕೊಂಡು, ಇಷ್ಟು ದೂರ ಬಂದು, ಮತ್ತೆ ಹಸು, ಆಲೂಗಡ್ಡೆ, ಕೆಸರಿನ ಊರಿಗೇ ಸೇರಿದ್ದರು. ‘ಇದೇ ಬೇಕಿದ್ರ ಮನೇಲೇ ಇರ್ಬೋದಿತ್ತಲ್ಲ’ ಎಂದು ತಮ್ಮನ್ನು ತಾವೇ ಹಂಗಿಸಿಕೊಳ್ಳುತ್ತಿದ್ದರು.

ತೆಂಗಿನ ಮರದಂಥ ಎತ್ತರ. ನಮ್ಮ ಕಡೆ ಬಾಗಿಲುಗಳು ಗಿಡ್ಡ. ಯಾವ ಮನೆಗೆ ಹೋದರೂ ಮೊದಲು ಹಣೆ ಬಡಿಯುವ ಸದ್ದು, ಆಮೇಲೆ ಬಾಗಿಲಿಗೆ ಬೈಗುಳ, ಅನಂತರ ಸಿಸ್ಟರವ್ವ ಒಳಗೆ. ಬಸುರಿಯರು ಇರುವ ಮನೆಗಳಲ್ಲಿ ಬಾಗಿಲ ಮೇಲ್ಗಡೆಯ ಮರಕ್ಕೆ ಹಳೆ ಬಟ್ಟೆ ಸುತ್ತಿ ಮೆತ್ತೆ ಕಟ್ಟುವುದು ರೂಢಿಯಾಯಿತು. ಯಾವ ಮನೆಯ ಬಾಗಿಲಿಗೆ ಮೆತ್ತೆ ಬಿತ್ತೋ ಆ ಮನೆಯಲ್ಲಿ ಸೊಸೆ ಮುಟ್ಟು ನಿಂತಿದ್ದಾಳೆ ಎಂದು ಊರಿಗೆಲ್ಲ ಗೊತ್ತಾಗಿಬಿಡುತ್ತಿತ್ತು.

ಕನ್ನಡವನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಆಸ್ಪತ್ರೆಯ ಕಸ ಗುಡಿಸುತ್ತಿದ್ದ ದೊಡ್ಡತಾಯಮ್ಮನಿಂದ ಕಲಿತದ್ದು. ದೊಡ್ಡತಾಯಮ್ಮನ ಬಾಯಲ್ಲಿ ಬೈಗುಳ ಬೆರೆಯದ ಮಾತೇ ಇರಲಿಲ್ಲ. ಆದ್ದರಿಂದ ಸಿಸ್ಟರವ್ವನ ಬಾಯಲ್ಲೂ ಇರಲಿಲ್ಲ. ಬಿಳಿ ಸೀರೆ, ಕೊರಳಲ್ಲಿ ಶಿಲುಬೆ, ನೀಲಿ ಕಣ್ಣು, ಬಾಯಿ ತೆರೆದರೆ ‘ನಿನ್ ಮನ ಎಕ್ಕುಟ್ಟೋಗ!’ ಒಮ್ಮೆ ಗುಂಡ್ಲುಪೇಟೆಯಿಂದ ಇಸ್ತ್ರಿ ಮಾಡಿದ ಸಾಹೇಬರೊಬ್ಬರು ಆಸ್ಪತ್ರೆ ನೋಡಲು ಬಂದರು. ಇವರು ಬಾಗಿಲಿಗೆ ಬಂದು, ‘ಬಾರ್ಲಾ ಸಾಹೇಬ, ಕೂತ್ಕ, ಉಂಡ್ಯಾ?’ ಅಂದರು. ಅವರ ಮುಖ ಕೆಂಪಾಯಿತು. ಆಮೇಲೆ ಏನನ್ನಿಸಿತೋ, ಬೆಂಚಿನ ಮೇಲೆ ಕೂತು, ‘ನಮ್ಮಜ್ಜಿ ಹಿಂಗೇ ಕರೀತಿದ್ಲು’ ಎಂದು ಎರಡು ಮುದ್ದೆ ಉಂಡು ಹೋದರು.

ಬೈಯುವುದು ಅವರ ವೈದ್ಯದ ಒಂದು ಭಾಗ. ನಮ್ಮೂರ ಸಿದ್ದಯ್ಯನಿಗೆ ಟೀಬಿ ಇತ್ತು. ಕೆಮ್ಮು ಸ್ವಲ್ಪ ಕಮ್ಮಿಯಾದ ಕೂಡಲೆ ಮಾತ್ರೆ ನಿಲ್ಲಿಸಿ, ಕಲ್ಲು ಒಡೆಯಲು ಹೋಗಿಬಿಡುತ್ತಿದ್ದ. ಸಿಸ್ಟರವ್ವ ಅವನನ್ನು ಹುಡುಕಿಸಿ ಕರೆತರಿಸಿ, ಆಸ್ಪತ್ರೆಯ ಜಗಲಿಯಲ್ಲಿ ನಿಲ್ಲಿಸಿ, ಅವನ ಹಿಂದಿನವರು ಮುಂದಿನವರು ಎಲ್ಲರನ್ನೂ ಸೇರಿಸಿ ಬೈಯುತ್ತಿದ್ದರು. ಬೈದು ಮುಗಿದ ಮೇಲೆ ಒಂದು ಬಟ್ಟಲು ರಾಗಿ ಗಂಜಿ, ಒಂದು ಬೇಯಿಸಿದ ಮೊಟ್ಟೆ, ಒಂದು ಏಲಕ್ಕಿ ಬಾಳೆಹಣ್ಣು. ಅವನು ಉಣ್ಣುವವರೆಗೂ ಎದುರಿಗೇ ಕೂತಿರುತ್ತಿದ್ದರು. ಸಿದ್ದಯ್ಯ ಒಮ್ಮೆ ಧೈರ್ಯ ಮಾಡಿ, ‘ಅವ್ವ, ಬೈದ ಮ್ಯಾಲ ಉಣ್ಣಕ ಯಾಕ್ ಕೊಟ್ಟೀರಿ?’ ಎಂದು ಕೇಳಿದ.

‘ಬೈಗುಳ ಬೇರ, ಹೊಟ್ಟ ಬೇರ ಕಣ್ಲಾ. ಬೈಗುಳ ನಿಂದು. ಹೊಟ್ಟ ದೇವ್ರುದು. ಬಾಯ್ ಮುಚ್ಕಂಡು ತಿನ್ನು.’

ಇನ್ನು ಗಡ್ಡದಪ್ಪ. ಆಸ್ಪತ್ರೆಯ ಹಿಂದೆ ಒಂದು ಸಣ್ಣ ಕೋಣೆ, ಅದೇ ಅವರ ದೇವರ ಮನೆ. ಗೋಡೆಯ ಗೂಡಿನಲ್ಲಿ ಮೊಳದೆತ್ತರದ ಒಂದು ವಿಗ್ರಹ: ಕಂದು ಗಡ್ಡ, ಕಂದು ನಿಲುವಂಗಿ, ಕೈಯಲ್ಲಿ ಬಡಗಿಯ ಮೂಲೆಮಟ್ಟ. ಅದು ಸಂತ ಜೋಸೆಫರದು, ಯೇಸುವಿನ ಸಾಕುತಂದೆ. ನಮ್ಮೂರಿಗೆ ಅವನು ಗಡ್ಡದಪ್ಪ. ಸಿಸ್ಟರವ್ವನಿಗೆ ಏನಾದರೂ ಬೇಕಾದರೆ, ಔಷಧಿಯ ಪೆಟ್ಟಿಗೆ ಬರಬೇಕಿದ್ದರೆ, ಜೀಪು ಸ್ಟಾರ್ಟ್ ಆಗಬೇಕಿದ್ದರೆ, ಇವನಿಗೆ ಹೇಳುತ್ತಿದ್ದರು. ಮೂರು ಸಲ ನಯವಾಗಿ ಹೇಳುವುದು. ಆಮೇಲೂ ಆಗದಿದ್ದರೆ ಭುಜ ಹಿಡಿದು ಮುಖವನ್ನು ಗೋಡೆಗೆ ತಿರುಗಿಸಿ ನಿಲ್ಲಿಸುವುದು. ಕೆಲಸವಾಗುವವರೆಗೂ ಅದೇ ಶಿಕ್ಷೆ. ಅವರ ಅಮ್ಮ ಕೂಡ ಊರಲ್ಲಿ ಹೀಗೇ ಮಾಡುತ್ತಿದ್ದರಂತೆ.

ನನಗೆ ಆಶ್ಚರ್ಯ. ‘ಅಲ್ಲ ಸಿಸ್ಟರವ್ವ, ದೇವರ ಹತ್ರ ಹಿಂಗೆ ಮಾಡಬಹುದಾ?’

‘ಇಂವ ದೇವ್ರಲ್ಲ ಕಣಮ್ಮಿ, ಸಂಸಾರಸ್ತ. ಯೇಸುನ್ನ ಬೈಯ್ಯಕ್ಕಾಗದ? ಅವ್ರವ್ವನ್ನ ಬೈಯ್ಯಕ್ಕಾಗದ? ಮನೇಲಿ ಹಿಟ್ಟಿಲ್ದಿದ್ರ ಯಾರ್ ಮುಖ ನೋಡ್ಬೇಕು? ಗಂಡಸುಂದು.’

‘ಮತ್ತೆ ಪ್ರಾರ್ಥನೆ ಅಂದ್ರೆ?’

‘ಜಗಳ. ಮಾತು ಬುಟ್ಟೋರ ಜೊತ ಜಗಳ ಆಡಕ್ಕಾದ್ದ? ಜಗಳ ಆಡ್ತಾ ಇದ್ರ ಇನ್ನೂ ನಂಟು ಅದ ಅಂತ.’

ದೊಡ್ಡತಾಯಮ್ಮನಿಗೆ ಇದು ತೀರ ಹಿಡಿಸಿತು. ಅವಳು ಬೆಟ್ಟದ ಮಾದಪ್ಪನ ಒಕ್ಕಲು. ಜಾತ್ರೆಗೆ ಹೋಗಿ, ಮಾದಪ್ಪನನ್ನು ಹೊಗಳಿದಷ್ಟೇ ಧಾರಾಳವಾಗಿ ಬೈದು ಬರುವವಳು. ‘ಅಯ್ಯೊ, ನಮ್ ಜಾತಿದೇ ಕಣಿ ಈವಮ್ಮನ ದೇವ್ರೂವ’ ಎಂದು ಅವತ್ತಿನಿಂದ ಗಡ್ಡದಪ್ಪನಿಗೂ ಚೆಂಡುಹೂವು ಇಡತೊಡಗಿದಳು. ಮತಕ್ಕೆ ಸೇರಿಸಿಕೊಳ್ಳಲು ಬಂದಿದ್ದಾರೆಂದು ಮೊದಮೊದಲು ಗುಮಾನಿಪಟ್ಟವರೂ ಇದ್ದರು. ಊರಿನ ಯಜಮಾನರು ನೇರವಾಗಿಯೇ ಕೇಳಿದ್ದರು. ಸಿಸ್ಟರವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, ‘ನಿನ್ನ ಸೇರಿಸ್ಕಂಡ್ರ ನಮ್ ದೇವ್ರು ಊರ್ ಬುಟ್ ಓಡೋಗನ. ನಿನ್ನ ಮಾದಪ್ಪನೇ ತಡ್ಕಬೇಕು’ ಅಂದಿದ್ದರು. ಯಜಮಾನರು ಇದನ್ನು ತಮ್ಮ ಹೆಚ್ಚುಗಾರಿಕೆ ಎಂಬಂತೆ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದರು.

ಒಂದು ದಿನ ಬೆಳಗ್ಗೆ ನಾನು ಅಂಗನವಾಡಿಯ ಬೀಗ ತೆಗೆಯುತ್ತಿದ್ದೆ. ಸಿಸ್ಟರವ್ವ ಎದುರಿನ ಆಸ್ಪತ್ರೆಯ ಜಗಲಿಯಲ್ಲಿ ಸುಮ್ಮನೆ ಕೂತಿದ್ದರು. ಅವರು ಸುಮ್ಮನೆ ಕೂರುವುದನ್ನು ನಾನು ಕಂಡೇ ಇರಲಿಲ್ಲ.

‘ನಮ್ ಮಠದಿಂದ ಹಿರಿಯಮ್ಮ ಬತ್ತಾವ್ಳ ಕಣಮ್ಮಿ. ಜೊತೆಗ ಕ್ಯಾಮೆರದವ್ನು, ಚಂದಾ ಎತ್ತಕ ಫೋಟ ಬೇಕಂತ. ಮಠದಲ್ಲಿ ಸಿಸ್ಟರ್‌ಗಳು ಕಮ್ಮಿ ಆಗವ್ರ. ಆಫ್ರಿಕಾದಲ್ಲಿ ಯುದ್ಧ ನಡ್ದು ಜನ ಊರು ಬುಟ್ಟು ಡೇರೆಲವ್ರ. ಅಲ್ಗ ಕಳುಸ್ಬೇಕೋ, ಇಲ್ಲೇ ಬುಡ್ಬೇಕೋ, ಎಲ್ಲಿ ಕಷ್ಟ ಜಾಸ್ತಿ ಅಂತ ನೋಡ್ಕಂಡು ಹೇಳ್ತಳಂತ.’

‘ನೀವೇನಂದ್ರಿ?’

‘ಎಲ್ಗ ಕಳ್ಸುದ್ರೂ ಓಯ್ತೀನಿ ಅಂತ ಮಾತ್ ಕೊಟ್ಟಿವ್ನಿ, ಸನ್ಯಾಸ ತಕ್ಕಂಡಾಗ್ಲೇ. ಅಲ್ಲೂ ಮಕ್ಕಳು ಸಾಯ್ತಾವ.’ ಆಸ್ಪತ್ರೆಯ ಬಾಗಿಲ ಕಡೆ ತಿರುಗಿ, ‘ಆದ್ರ ನಾ ಓದ್ರ ಇದ್ರ ಬಾಗ್ಲಿಗ ಬೀಗ’ ಅಂದರು.

ಒಳಗೆ ಹೋಗಿ ನೋಡಿದೆ. ಗಡ್ಡದಪ್ಪ ಆಗಲೇ ಗೋಡೆ ನೋಡುತ್ತಿದ್ದ.

ಸುದ್ದಿ ದೊಡ್ಡತಾಯಮ್ಮನಿಗೆ ತಲುಪಿದ ಮೇಲೆ ಅದು ಸುದ್ದಿಯಾಗಿ ಉಳಿಯಲಿಲ್ಲ, ಕಾರ್ಯಕ್ರಮವಾಯಿತು. ಅಂದೇ ಮಧ್ಯಾಹ್ನ ಬೀದಿಯ ಹೆಂಗಸರೆಲ್ಲ ನನ್ನ ಅಂಗನವಾಡಿಯಲ್ಲಿ ಸೇರಿದರು. ದೊಡ್ಡತಾಯಮ್ಮ ನಡುವೆ ನಿಂತು ತೀರ್ಪು ಕೊಟ್ಟಳು:

‘ಬತ್ತಿರೋರು ಯಾರು? ಅವ್ವನ ತೌರ್ಮನಯೋರು. ಯಾಕ್ ಬತ್ತಾವ್ರ? ನಮ್ ಹೆಣ್ಣು ಕೊಟ್ಟ ಮನೇಲಿ ಎಂಗದ ಅಂತ ನೋಡಕ. ದಿಕ್ಕೆಟ್ಟ ಮನ, ಹರ್ಕಲು ಚಾಪ ಕಂಡ್ರ ಏನ್ ಮಾಡರು? ಬಾ ಮಗ್ಳೆ ಅಂತ ಕರ್ಕಂಡೋಗರು. ನೀವಾದ್ರ ಬುಟ್ಟೀರಾ?’

ಯಾರೂ ಬಿಡುತ್ತಿರಲಿಲ್ಲ. ನಾನೂ ತಲೆಯಾಡಿಸಿದೆ. ಈಗ ಯೋಚಿಸಿದರೆ ನಗು ಬರುತ್ತದೆ. ಕಷ್ಟ ಇರುವ ಕಡೆಗೇ ಅವರನ್ನು ಕಳಿಸುವುದು ಎಂದು ಸಿಸ್ಟರವ್ವ ನನಗೇ ಹೇಳಿದ್ದರು. ಆದರೂ ಅವತ್ತು ದೊಡ್ಡತಾಯಮ್ಮನ ಮಾತು ಕಲ್ಲಿನಷ್ಟು ಗಟ್ಟಿಯಾಗಿ ಕಂಡಿತು. ನೆಂಟರು ಬರುವಾಗ ಮನೆಯ ಬಡತನವನ್ನು ಒಳಗೆ ತಳ್ಳಿ ಬಾಗಿಲು ಹಾಕಬೇಕು. ಹುಟ್ಟಿದಂದಿನಿಂದ ನಾವು ಕಲಿತದ್ದು ಇದೊಂದೇ.

ಊರು ಬದಲಾಯಿತು. ಗೋಡೆಗಳಿಗೆ ಸುಣ್ಣ. ಬಾಗಿಲಿಗೆ ಮಾವಿನೆಲೆ. ಮಕ್ಕಳ ಮುಖಕ್ಕೆ ಪೌಡರು, ಕಣ್ಣಿಗೆ ಕಾಡಿಗೆ. ಸಿದ್ದಯ್ಯನಿಗೆ ಯಜಮಾನರ ಜರಿ ಪೇಟ. ಕೆಮ್ಮು ಬಂದರೆ ಮನೆಯ ಹಿಂದಕ್ಕೆ ಹೋಗಿ ಕೆಮ್ಮಬೇಕೆಂದು ತಾಕೀತು. ಆದರೆ ಚಿನ್ನ? ಬೀದಿಯಲ್ಲಿ ಸಂಬಳದ ಮನೆ ಎಂದರೆ ನಮ್ಮದು ಒಂದೇ. ನನ್ನ ಕೊರಳಲ್ಲಿ ಎರಡೆಳೆಯ ಒಂದು ಸರವಿತ್ತು. ಕೊಂಡಿ ಸಡಿಲವಾಗಿ ಅದಕ್ಕೆ ಕೆಂಪು ದಾರ ಸುತ್ತಿದ್ದೆ. ದೊಡ್ಡತಾಯಮ್ಮನ ಕಣ್ಣು ಅದರ ಮೇಲೆ ಬಿತ್ತು.

‘ಟೀಚ್ರಮ್ಮ, ನಿಮ್ ಸರ ಒಂದ್ ದಿನ ಊರಿಗ ದುಡೀಲಿ ಬುಡಿ.’

ಏರ್ಪಾಡು ಹೀಗೆ: ಅತಿಥಿಗಳು ಮೊದಲು ನಮ್ಮ ಮನೆಗೆ. ಅವರು ನಮ್ಮ ಮುಂಬಾಗಿಲಿನಿಂದ ಹೊರಟ ಕೂಡಲೆ ಸರ ಹಿಂಬಾಗಿಲಿನಿಂದ ಹೊರಡುವುದು, ಪಕ್ಕದ ಮನೆಯವಳ ಕೊರಳು ಸೇರುವುದು. ಸರದ ಜೊತೆ ನಮ್ಮ ಮನೆಯ ಸ್ಟೀಲ್ ಲೋಟಗಳೂ. ಸಿಸ್ಟರವ್ವನಿಗೆ ಏನೂ ಹೇಳಲಿಲ್ಲ.

ಹಿರಿಯಮ್ಮ ಬಂದರು. ಗಿಡ್ಡನೆಯ, ದುಂಡಗಿನ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಕ್ಯಾಮೆರದವನು ಯಾವುದಾದರೂ ಮಗುವಿನ ಬಾಡಿದ ಮುಖ ಸಿಕ್ಕೀತೆಂದು ಬೀದಿಯ ಆ ತುದಿಯಿಂದ ಈ ತುದಿಗೆ ಅಲೆದ. ಅವನು ಕ್ಯಾಮೆರ ಎತ್ತಿದಲ್ಲೆಲ್ಲ ಪೌಡರಿನ ಮುಖಗಳು ಹಲ್ಲು ಕಿರಿದು ಸಾಲಾಗಿ ನಿಲ್ಲುತ್ತಿದ್ದವು.

ನಮ್ಮ ಮನೆಯಲ್ಲಿ ಕಾಫಿಯಾಯಿತು. ಹಿರಿಯಮ್ಮ ನನ್ನ ಸರ ನೋಡಿ ಚೆನ್ನಾಗಿದೆಯೆಂದು ತಲೆದೂಗಿದರು. ಎರಡನೆಯ ಮನೆಯಲ್ಲೂ ಕಾಫಿ. ಸಿಸ್ಟರವ್ವ ಲೋಟ ಎತ್ತಿದವರು ಅದರ ಮೇಲಿನ ಕೆತ್ತನೆಯನ್ನು ಓದಿದರು: ‘ಮಹದೇವು’. ನನ್ನ ಕಡೆ ನೋಡಿದರು. ನಾನು ಸೂರು ನೋಡಿದೆ. ಮೂರನೆಯ ಮನೆಯ ಲೋಟದಲ್ಲೂ ಮಹದೇವು. ನಾಲ್ಕನೆಯದರಲ್ಲೂ ಮಹದೇವು. ಸಿಸ್ಟರವ್ವ ನನ್ನ ಕಿವಿಯ ಬಳಿ ಬಗ್ಗಿ, ‘ನಿನ್ ಗಂಡ ಬೀದೀಲಿ ಎಲ್ಲರ ಮನೇಲೂ ಅವ್ನಲ್ಲಮ್ಮಿ! ಕಾಡು ಕಾಯಕ ಯಾವಾಗ ಓಯ್ತನ?’ ಅಂದರು. ಅವರ ತುಟಿ ಅದುರುತ್ತಿತ್ತು. ನಗುವೋ ಅಳುವೋ ಗೊತ್ತಾಗಲಿಲ್ಲ.

ನಾನು ಅವರನ್ನು ಬಾಗಿಲಾಚೆ ಎಳೆದು, ಹೆಂಗಸರು ಏಕೆ ಹೀಗೆ ಮಾಡಿದರೆಂದು ಪಿಸುಮಾತಿನಲ್ಲಿ ಹೇಳಿದೆ. ಹೇಳುತ್ತಿದ್ದಂತೆಯೇ ನನಗೆ ನಮ್ಮ ತಪ್ಪು ಹೊಳೆಯಿತು. ಊರು ಚೆನ್ನಾಗಿ ಕಂಡಷ್ಟೂ ಅವರನ್ನು ಕಳಿಸುವುದೇ ಖಾತ್ರಿ.

‘ಅಯ್ಯೋ, ಇದ್ದದ್ದನ್ನ ಇದ್ದಂಗೇ ತೋರಿಸಿ ಅಂತ ನೀವಾದ್ರೂ ಮೊದಲೇ ಹೇಳಬಾರದಿತ್ತಾ?’

‘ಮನಗ ನೆಂಟ್ರು ಬಂದಾಗ ಹರ್ಕಲು ಸೀರ ಉಟ್ಕಂಡು ನಿಂತ್ಕಳಿ ಅಂತ ಯಾವ್ ಬಾಯಲ್ಲಿ ಹೇಳ್ನಮ್ಮಿ?’ ಅಂದರು. ‘ಓಗ್ಬೇಕಾದ್ರ ಓಯ್ತೀನಿ. ಅವ್ರ ಮಾನ ಕಳ್ದು ಇಲ್ಲಿ ಕೂರಕ್ಕಾಗಲ್ಲ. ಈಗ ಬಾ, ಸುಮ್ನ ಕಾಫಿ ಕುಡಿ.’

ಕುಡಿದೆವು. ಹೊಟ್ಟೆಯಲ್ಲಿ ಕಾಫಿ ಕುಲುಕಾಡುತ್ತಿತ್ತು. ಕೊನೆಯ ಮನೆ ದೊಡ್ಡತಾಯಮ್ಮನದು. ನಾವು ಒಳಗೆ ಕಾಲಿಡುವುದಕ್ಕೂ ಅವಳು ಹಿಂಬಾಗಿಲಿನಿಂದ ಏದುಸಿರು ಬಿಡುತ್ತ ಬರುವುದಕ್ಕೂ ಸರಿಹೋಯಿತು. ಅವಸರದಲ್ಲಿ ಹಾಕಿಕೊಂಡ ಸರ ಒಂದು ಕಿವಿಯ ಓಲೆಗೆ ಸಿಕ್ಕಿಕೊಂಡು ಜೋತಾಡುತ್ತಿತ್ತು. ಕೈಯಲ್ಲಿ ಮಹದೇವು ಲೋಟ.

ಹಿರಿಯಮ್ಮ ಅವಳ ಬಳಿ ಹೋದರು. ಓಲೆಯಿಂದ ಸರವನ್ನು ಮೆಲ್ಲಗೆ ಬಿಡಿಸಿದರು. ಕೊಂಡಿಯ ಕೆಂಪು ದಾರವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ತಮ್ಮ ಭಾಷೆಯಲ್ಲಿ ಏನೋ ಅಂದರು. ಸಿಸ್ಟರವ್ವ ಕನ್ನಡದಲ್ಲಿ ಹೇಳಿದರು:

‘ಈ ಸರ ಹೊತ್ತಾರಿಂದ ನಮಗಿಂತ ಜಾಸ್ತಿ ನಡ್ದದ, ಅದ್ಕೂ ಒಂದ್ ಲೋಟ ಕಾಫಿ ಕೊಡಿ ಅಂತವ್ಳ.’

ದೊಡ್ಡತಾಯಮ್ಮ ಸರ ತೆಗೆದು ನನ್ನ ಕೈಗೆ ಕೊಟ್ಟಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಿರಿಯಮ್ಮನ ಎದುರಿಗೆ ನಿಂತಳು.

‘ಹೇಳು ಅವ್ವ, ನಿನ್ ಅಮ್ಮಂಗ ಹೇಳು. ಸರ ನಮ್ದಲ್ಲ, ಲೋಟ ನಮ್ದಲ್ಲ. ಕಾಫಿಗ ಹಾಕಿರ ಬೆಲ್ಲವೂ ಪಕ್ಕದ ಮನದು. ನಮ್ದು ಅಂತ ಇರದು ನೀನೊಬ್ಳೆ. ಒಳ್ಳೆ ಮನ ಅಂತ ಕಂಡ್ರ ಬುಟ್ಟೋದರು ಅಂತ ಹಿಂಗ್ ಮಾಡ್ಬುಟ್ಟೊ.’

ಸಿಸ್ಟರವ್ವ ಅನುವಾದ ಮಾಡಬೇಕು. ಬಾಯಿ ತೆರೆದರು, ಆಗಲಿಲ್ಲ. ಮತ್ತೊಮ್ಮೆ ತೆರೆದರು. ಅಷ್ಟು ಹೊತ್ತಿನಿಂದ ಹಿಂದೆ ನಿಂತು ತಡೆದುಕೊಂಡಿದ್ದ ಸಿದ್ದಯ್ಯನಿಗೆ ಆಗ ಕೆಮ್ಮು ಹತ್ತಿತು. ಜರಿ ಪೇಟ ನೆಲಕ್ಕೆ ಬಿತ್ತು. ಸಿಸ್ಟರವ್ವ ಅಳು ಮರೆತು, ‘ಎಕ್ಕುಟ್ಟೋಗ್ನೆ, ಇವತ್ತಿನ ಗುಳಿಗ ನುಂಗಿದ್ಯೇನ್ಲಾ?’ ಎಂದು ಅವನ ಮೇಲೆ ಹರಿಹಾಯ್ದು, ಬೈದು ಮುಗಿಸಿ, ದೊಡ್ಡತಾಯಮ್ಮ ಅತಿಥಿಗಳಿಗೆಂದು ಇಟ್ಟಿದ್ದ ಬಾಳೆಹಣ್ಣನ್ನು ಸುಲಿದು ಅವನ ಕೈಗೆ ಕೊಟ್ಟರು. ಹಿರಿಯಮ್ಮ ಕನ್ನಡಕದ ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದರು. ಅದಕ್ಕೆ ಅನುವಾದ ಬೇಕಾಗಲಿಲ್ಲ.

ಹೊರಡುವ ಮುಂಚೆ ದೇವರ ಕೋಣೆಗೆ ಕರೆದುಕೊಂಡು ಹೋದೆವು. ಗಡ್ಡದಪ್ಪನ ಬೆನ್ನು! ಸಿಸ್ಟರವ್ವ ಕಳ್ಳತನದಲ್ಲಿ ಸಿಕ್ಕಿಬಿದ್ದ ಶಾಲೆಯ ಹುಡುಗಿಯಂತೆ ತಿರುಗಿಸಲು ಕೈ ನೀಡಿದರು. ಹಿರಿಯಮ್ಮ ಆ ಕೈಗೆ ಪಟ್ಟೆಂದು ಹೊಡೆದರು. ಏನೋ ಹೇಳಿ ಜೀಪು ಹತ್ತಿದರು.

‘ಏನಂದ್ಳು ಅವ್ವ?’ ಎಂದು ದೊಡ್ಡತಾಯಮ್ಮ.

‘ನಾ ಊರ್ಗೋಗಿ ಮಾತಾಡಗಂಟ ಅಂವ ಹಂಗೇ ನಿಂತಿರ್ಲಿ ಅಂದ್ಳು.’

ಗಡ್ಡದಪ್ಪ ಸುಗ್ಗಿ ಮುಗಿಯುವವರೆಗೂ ಗೋಡೆ ನೋಡಿದ. ಸಿಸ್ಟರವ್ವ ಇಲ್ಲೇ ಇರಲಿ ಎಂದು ತೀರ್ಮಾನವಾದ ದಿನ ಅವನನ್ನು ತಿರುಗಿಸಿ, ದೊಡ್ಡತಾಯಮ್ಮ ಕತ್ತೇ ಕಾಣದಷ್ಟು ಚೆಂಡುಹೂವು ಹಾಕಿದಳು. ಆಫ್ರಿಕಾಕ್ಕೆ ಬೇರೆ ಸಿಸ್ಟರ್ ಒಬ್ಬರು ಹೋದರು. ಅವರಿಗಾಗಿ ಸಿಸ್ಟರವ್ವ ದಿನಾ ಸಂಜೆ ಗಡ್ಡದಪ್ಪನಿಗೆ ಹೇಳುತ್ತಿದ್ದರು, ನಯವಾಗಿಯೇ.

ಚಾಮರಾಜನಗರ ಜಿಲ್ಲೆಯಾದ ವರ್ಷ ನನ್ನ ಗಂಡನಿಗೆ ಅಲ್ಲಿಗೆ ವರ್ಗವಾಗಿ, ನಾವು ಊರು ಬಿಟ್ಟೆವು. ಅದೇ ವರ್ಷ ಅವರ ಮಂಡಿ ಪೂರಾ ಕೈಕೊಟ್ಟು, ಮಠದವರು ಕರೆಸಿಕೊಂಡರು. ಅವರ ಜಾಗಕ್ಕೆ ಒಬ್ಬ ಮಲಯಾಳಿ ಸಿಸ್ಟರ್ ಬಂದರು. ಹೊರಡುವ ದಿನ ದೊಡ್ಡತಾಯಮ್ಮ ಗಡ್ಡದಪ್ಪನ ಭುಜಕ್ಕೆ ಕೈ ಹಾಕಿದಾಗ ಸಿಸ್ಟರವ್ವ ತಡೆದರಂತೆ: ‘ಬುಡಮ್ಮಿ, ಈ ಸಲ ಅವನ ತಪ್ಪಿಲ್ಲ. ಮಂಡಿದು ತಪ್ಪು.’

ಸಂತೆಯಿಂದ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅವರೆಕಾಯಿಯ ಚೀಲ ಹಿಡಿದು ಗುಂಡ್ಲುಪೇಟೆಯ ಬಸ್ಸು ಹತ್ತಿದೆ, ಅಲ್ಲಿಂದ ಹಂಗಳ, ಅಲ್ಲಿಂದ ಊರು. ಮಲಯಾಳಿ ಸಿಸ್ಟರ್ ಬಾಗಿಲಲ್ಲೇ ಸಿಕ್ಕಿ, ‘ನೀವಾದರೂ ಹೇಳಿ ಟೀಚರ್, ಸಂತರನ್ನು ಹೀಗೆ ನಿಲ್ಲಿಸಬಾರದು’ ಎಂದು ಗೋಗರೆದರು.

ದೊಡ್ಡತಾಯಮ್ಮ ದೇವರ ಕೋಣೆಯ ಹೊಸಿಲ ಮೇಲೆ ಕಾವಲು ಕೂತಿದ್ದಳು. ನನ್ನನ್ನು ಕಂಡು ಅಳಲಿಲ್ಲ. ಚೀಲ ಇಸಿದುಕೊಂಡು ಅವರೆಕಾಯಿ ಮೂಸಿದಳು. ‘ಸೊಗಡದ’ ಎಂದು ಮಡಿಲಿಗೆ ಸುರಿದುಕೊಂಡು ಸುಲಿಯತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಸುಲಿದೆ.

‘ಎಷ್ಟು ದಿನ ಹಿಂಗೆ ನಿಲ್ಲಿಸ್ತೀಯ?’

‘ತಿಥಿ ಆಗಗಂಟ. ಅವ್ವ ಅಷ್ಟು ದಿನ ಇವ್ನ ಮುಖ ನೋಡ್ಕಂಡು ಬಾಳದ. ಕೊನಗಾಲದಲ್ಲಿ ಒಂದ್ ಮಾತು ನಮಗ ಏಳ್ಬಾರ್ದ ಇಂವ? ನಿಂತಿರ್ಲಿ.’

ಆಸ್ಪತ್ರೆಯ ಒಲೆಯ ಮೇಲೇ ಸಾರು ಕುದಿಯಿತು. ಮುದ್ದೆ ಕಟ್ಟಿದಳು. ನನಗೆ ಬಡಿಸುವ ಮುಂಚೆ ಒಂದು ಸಣ್ಣ ತಟ್ಟೆಯಲ್ಲಿ ನೆಲ್ಲಿಕಾಯಿ ಗಾತ್ರದ ಮುದ್ದೆ, ಮೇಲೆ ಅವರೆಕಾಳಿನ ಸಾರು, ಪಕ್ಕಕ್ಕೆ ಒಂದು ಏಲಕ್ಕಿ ಬಾಳೆಹಣ್ಣು ಇಟ್ಟುಕೊಂಡು ದೇವರ ಕೋಣೆಗೆ ಹೋದಳು. ಗಡ್ಡದಪ್ಪನ ಬೆನ್ನ ಹಿಂದೆ ತಟ್ಟೆ ಇಟ್ಟು, ಅವನಿಗೆ ಕೇಳಿಸುವಂತೆ ಗಟ್ಟಿಯಾಗಿಯೇ ಅಂದಳು:

‘ಬೈಗುಳ ಬೇರ, ಹೊಟ್ಟ ಬೇರ. ಬಾಯ್ ಮುಚ್ಕಂಡು ತಿನ್ನು.’

ಆಮೇಲೆ ಅವನು ಉಣ್ಣುವವರೆಗೂ ಅಲ್ಲೇ ಕೂತಳು.